ಒಂದೇ ತಂತಿ, ಮೂರು ಬಣ್ಣ

ಬೆಂಗಳೂರಿನ ಮೂಡಣ ದಿಕ್ಕಿನಲ್ಲಿ, ಬೈಯಪ್ಪನಹಳ್ಳಿಯ ರೈಲುಹಳಿಗಳಿಂದ ಕಗ್ಗದಾಸಪುರದ ಕಡೆಗೆ ಹರಡಿಕೊಂಡಿರುವ ಬಡಾವಣೆಗೆ ಸಿ.ವಿ. ರಾಮನ್ ನಗರವೆಂದು ಹೆಸರು. ಆ ಮಹನೀಯರು ಅಲ್ಲಿ ವಾಸಮಾಡಿದವರಲ್ಲ. ಅವರ ಬಾಳು ಸಾಗಿದ್ದು ಊರಿನ ಇನ್ನೊಂದು ಮಗ್ಗುಲಲ್ಲಿ: ಮಲ್ಲೇಶ್ವರದ ಮನೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅನಂತರ ೧೯೪೮ರಲ್ಲಿ ತಾವೇ ಸ್ಥಾಪಿಸಿದ ಸಂಶೋಧನಾಲಯದ ಮರಗಿಡಗಳ ನಡುವೆ. ಆದರೂ ಹೆಸರು ಬಡಾವಣೆಗೆ ಒಪ್ಪುತ್ತದೆ. ರಡಾರುಗಳನ್ನು ರೂಪಿಸುವ ರಕ್ಷಣಾ ಪ್ರಯೋಗಶಾಲೆ ಇರುವುದು ಇಲ್ಲಿಯೇ. ಕಣ್ಣಿಗೆ ಕಾಣದುದನ್ನು ಕಾಣಿಸುವ ಯಂತ್ರಗಳ ನೆರೆಗೆ, ಬೆಳಕಿನ ಧ್ಯಾನದಲ್ಲಿಯೇ ಆಯುಷ್ಯ ಕಳೆದವರ ಹೆಸರಲ್ಲದೆ ಮತ್ತಾವುದು ಸಲ್ಲಬೇಕು?

ರಾಮನ್ ಎಂದೊಡನೆ ಶಾಲೆಯ ಹುಡುಗರು ಕೂಡ ೧೯೨೮ರ ಫೆಬ್ರವರಿ ೨೮ನ್ನೂ ೧೯೩೦ರ ನೊಬೆಲ್ ಪಾರಿತೋಷಕವನ್ನೂ ಹೇಳಿಬಿಡುತ್ತಾರೆ. ಅವರ ಕೊನೆಯ ದಶಕದ ಕೆಲಸ ಮಾತ್ರ ಅಷ್ಟಾಗಿ ಯಾರ ಬಾಯಲ್ಲಿಯೂ ಇಲ್ಲ. ಎಪ್ಪತ್ತೈದರ ಆಸುಪಾಸಿನಲ್ಲಿ, ಉಳಿದವರು ಮೊಮ್ಮಕ್ಕಳನ್ನಾಡಿಸುವ ವಯಸ್ಸಿನಲ್ಲಿ, ಆ ವೃದ್ಧರು ಮನುಷ್ಯನ ಕಣ್ಣಿನ ಬೆನ್ನು ಹತ್ತಿದರು. ಹೂವುಗಳ ಬಣ್ಣವನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದರು. ಪ್ರಖರವಾಗಿ ಬೆಳಗಿದ ಬಿಳಿಯ ತೆರೆಯನ್ನು ಬಣ್ಣದ ಗಾಜಿನ ಮೂಲಕ ದಿಟ್ಟಿಸುತ್ತಿದ್ದು, ಗಾಜನ್ನು ಥಟ್ಟನೆ ತೆಗೆದಾಗ ತೆರೆಯ ಮೇಲೆ ಮೂಡುವ ಚಿತ್ರದಲ್ಲಿ ತಮ್ಮ ಅಕ್ಷಿಪಟಲದ ರಚನೆಯನ್ನೇ ಕಾಣಲು ಯತ್ನಿಸಿದರು. ನೋಡುವವರೂ ಅವರೇ, ನೋಡಲ್ಪಡುವುದೂ ಅವರ ಕಣ್ಣೇ! ಈ ಅಭ್ಯಾಸದ ಫಲವಾಗಿ ೧೯೬೮ರಲ್ಲಿ ‘ದಿ ಫಿಸಿಯಾಲಜಿ ಆಫ್ ವಿಷನ್’ ಎಂಬ ಗ್ರಂಥ ಹೊರಬಂದಿತು. ಅದಾದ ಎರಡು ವರ್ಷಕ್ಕೆ, ೧೯೭೦ರ ನವೆಂಬರ್ ೨೧ರಂದು, ಅವರು ತೀರಿಕೊಂಡರು.

ಅವರು ಕೇಳಿದ ಪ್ರಶ್ನೆ ಸಣ್ಣದಲ್ಲ. ಬೆಳಕು ಹೊರಗಿನ ವಸ್ತು, ನೋಟ ಒಳಗಿನ ಅನುಭವ. ಹೊರಗಿನದು ಒಳಗಿನದಾಗುವ ಹೊಸ್ತಿಲು ಎಲ್ಲಿದೆ? ಕೆಂಪು ಕೆಂಪಾಗಿಯೂ ಹಸಿರು ಹಸಿರಾಗಿಯೂ ತೋರುವುದು ಯಾವುದರ ದೆಸೆಯಿಂದ? ಪ್ರಶ್ನೆ ಸರಿಯಾಗಿತ್ತು. ಅವರ ಉತ್ತರ ನಿಲ್ಲಲಿಲ್ಲ. ಆ ಹೊಸ್ತಿಲು ಇರುವುದು ಜೀವಕೋಶದ ಪೊರೆಯಲ್ಲಿ. ಅಲ್ಲಿ ಕಾವಲಿರುವುದು ಪ್ರೋಟೀನುಗಳ, ಅಂದರೆ ಸಸಾರಜನಕಗಳ, ಒಂದು ದೊಡ್ಡ ಕುಟುಂಬ. ಕಣ್ಣಿನೊಳಗೆ ಬೀಡುಬಿಟ್ಟಿರುವ ಅದರ ಶಾಖೆಗೆ ಆಪ್ಸಿನ್‌ಗಳೆಂದು ಹೆಸರು.

ಪೊರೆಯೆಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಪ್ರತಿಯೊಂದು ಜೀವಕೋಶವನ್ನೂ ಜಿಡ್ಡಿನ ತೆಳುವಾದ ಪದರವೊಂದು ಸುತ್ತುವರಿದಿದೆ. ಒಳಗೂ ನೀರು, ಹೊರಗೂ ನೀರು, ನಡುವೆ ಎಣ್ಣೆಯ ಗೋಡೆ. ನೀರಿನಲ್ಲಿ ಕರಗಿದ ವಸ್ತು ಎಣ್ಣೆಯನ್ನು ದಾಟಲಾರದು. ಹಾಗಾದರೆ ಹೊರಗಿನ ಸುದ್ದಿ ಒಳಕ್ಕೆ ತಲಪುವ ಬಗೆ? ಅದಕ್ಕೆಂದೇ ಈ ಗೋಡೆಯಲ್ಲಿ ಸಸಾರಜನಕದ ಎಳೆಗಳು ನಾಟಿಕೊಂಡಿವೆ. ಆಪ್ಸಿನ್ ಅಂಥ ಒಂದು ಎಳೆ. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಕೌದಿ ಹೊಲಿಯುವಾಗ ದಾರ ಬಟ್ಟೆಯ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹಾಯುವಂತೆ, ಈ ಎಳೆ ಪೊರೆಯನ್ನು ಏಳು ಸಲ ಹಾದುಹೋಗುತ್ತದೆ. ಏಳು ಹೊಲಿಗೆ, ಆರೂ ಅಲ್ಲ, ಎಂಟೂ ಅಲ್ಲ. ಪೊರೆಯೊಳಗೆ ಹಾಯುವ ಪ್ರತಿಯೊಂದು ತುಂಡೂ ತಿರುಪಿನ ಮೆಟ್ಟಿಲಿನಂತೆ ಸುರುಳಿ ಸುತ್ತಿಕೊಂಡಿದೆ. ಏಳು ಸುರುಳಿಗಳೂ ಒಟ್ಟಾಗಿ ನಿಂತು ನಡುವೆ ಒಂದು ಗೂಡನ್ನು ಮಾಡಿಕೊಂಡಿವೆ.

ಇಲ್ಲೊಂದು ಮಾತನ್ನು ಹೇಳಿ ಮುಂದುವರಿಯಬಹುದು. ಸಸಾರಜನಕದ ಎಳೆ ಯಾವ ಯಾವ ಕೋನಗಳಲ್ಲಿ ತಿರುಚಿಕೊಳ್ಳಬಲ್ಲುದು, ಯಾವುವು ಅದಕ್ಕೆ ನಿಷಿದ್ಧ ಎಂಬುದರ ನಕ್ಷೆಯನ್ನು ೧೯೬೩ರಲ್ಲಿ ಪ್ರಪಂಚಕ್ಕೆ ಕೊಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಮದರಾಸಿನ ಸಂಗಡಿಗರು. ರಾಮಚಂದ್ರನ್ ಬೆಂಗಳೂರಿನಲ್ಲಿ ರಾಮನ್ನರ ಶಿಷ್ಯರಾಗಿದ್ದವರು. ಮುಂದೆ ಟಾಟಾ ಇನ್‌ಸ್ಟಿಟ್ಯೂಟಿಗೇ ಮರಳಿ ಬಂದು ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದವರು. ಯಾವ ದೇಶದಲ್ಲಿ ಯಾವ ಪ್ರೋಟೀನಿನ ರಚನೆಯನ್ನು ಬಿಡಿಸಿದರೂ ಅದು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವುದು ಆ ನಕ್ಷೆಯ ಮೇಲೆಯೇ. ಗುರು ಎಡವಿದ ವಿಷಯಕ್ಕೆ ಬೇಕಾದ ಒರೆಗಲ್ಲನ್ನು ಶಿಷ್ಯ ಒದಗಿಸಿದರೆಂದರೆ ತಪ್ಪಾಗದು.

ಇನ್ನು ಕಥೆಯ ಮೊದಲಿಗೆ. ೧೮೭೬ರಲ್ಲಿ ರೋಮಿನಲ್ಲಿ ಫ್ರಾಂಟ್ಸ್ ಬೋಲ್ ಎಂಬ ಜರ್ಮನ್ ವಿದ್ವಾಂಸ, ಕತ್ತಲೆಯಲ್ಲಿರಿಸಿದ್ದ ಕಪ್ಪೆಯ ಕಣ್ಣಿನಿಂದ ಅಕ್ಷಿಪಟಲವನ್ನು ಬಿಡಿಸಿದ. ಅದು ಕೆಂಪಗೆ ಹೊಳೆಯುತ್ತಿತ್ತು. ಬೆಳಕಿನಲ್ಲಿ ಕೆಲವೇ ಕ್ಷಣ ಇದ್ದುದೇ ತಡ, ಕೆಂಪು ಮಾಸಿ ಹಳದಿಯಾಗಿ, ಕೊನೆಗೆ ಬಣ್ಣವೇ ಇಲ್ಲವಾಯಿತು. ಅನಂತರ ಹೈಡೆಲ್‌ಬರ್ಗಿನ ವಿಲ್ಹೆಲ್ಮ್ ಕ್ಯೂನೆ ಆ ಕೆಂಪು ವಸ್ತುವನ್ನು ಬೇರ್ಪಡಿಸಿದ. ನೀರಿನಲ್ಲಿ ಎಷ್ಟು ತೊಳೆದರೂ ಬಿಡದಿದ್ದುದು ಪಿತ್ತರಸದ ಲವಣ ಹಾಕಿದೊಡನೆ ಕರಗಿ ಬಂದಿತು. ಎಣ್ಣೆ ಹಚ್ಚಿದ ತಲೆ ಬರಿಯ ನೀರಿಗೆ ಬಗ್ಗದೆ ಸೀಗೆಪುಡಿಗೆ ಬಗ್ಗುವುದಿಲ್ಲವೆ, ಹಾಗೆ! ಆ ವಸ್ತು ಜಿಡ್ಡಿನ ಪೊರೆಯಲ್ಲಿ ನಾಟಿಕೊಂಡಿತ್ತೆಂಬುದಕ್ಕೆ ಅಂದೇ ದೊರೆತ ಸುಳಿವದು. ಇಂದು ಅದನ್ನು ರೊಡಾಪ್ಸಿನ್ ಎನ್ನುತ್ತಾರೆ.

ರೊಡಾಪ್ಸಿನ್ ಎರಡು ಭಾಗಗಳ ಜೋಡಣೆ. ಒಂದು ಭಾಗ, ಏಳು ಹೊಲಿಗೆಯ ಆಪ್ಸಿನ್. ಮನುಷ್ಯರಲ್ಲಿ ೩೪೮ ಅಮೈನೋ ಆಮ್ಲಗಳ ಸರಮಾಲೆ. ಇನ್ನೊಂದು, ಆ ಗೂಡಿನೊಳಗೆ ಸಿಕ್ಕಿಕೊಂಡಿರುವ ರೆಟಿನಲ್ ಎಂಬ ಪುಟ್ಟ ಅಣು. ರೆಟಿನಲ್ ತಯಾರಾಗುವುದು ‘ಎ’ ಜೀವಸತ್ವದಿಂದ. ಅಕ್ಷಿಪಟಲದಲ್ಲಿ ಆ ಜೀವಸತ್ವ ಇದೆಯೆಂಬುದನ್ನು ೧೯೩೩ರಲ್ಲಿ ಕಂಡುಹಿಡಿದವನು ಜಾರ್ಜ್ ವಾಲ್ಡ್. ಕತ್ತಲೆಯಲ್ಲಿ ಈ ಅಣು ಮಂಡಿ ಮಡಿಸಿ ಕುಳಿತವನಂತೆ ಬಾಗಿರುತ್ತದೆ. ಬೆಳಕಿನ ಒಂದೇ ಒಂದು ಕಣ ತಗಲಿತೋ, ಕಾಲು ನೀಡಿ ನೆಟ್ಟಗಾಗುತ್ತದೆ. ಇದಕ್ಕೆ ಹಿಡಿಯುವ ಹೊತ್ತು, ಒಂದು ಸೆಕೆಂಡಿನ ಐದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಬೆಳಕು ಕಣ್ಣಿನಲ್ಲಿ ಮಾಡುವ ಕೆಲಸ ಇಷ್ಟೇ. ಉಳಿದುದೆಲ್ಲ ಆಪ್ಸಿನ್ನಿನ ಪಾಲಿಗೆ. ಒಳಗಿನ ಅಣು ಕಾಲು ಚಾಚಿದಾಗ ಸುತ್ತಲಿನ ಸುರುಳಿಗಳು ಒತ್ತರಿಸಿಕೊಳ್ಳುತ್ತವೆ, ಪೊರೆಯ ಒಳಮುಖದಲ್ಲಿ ಎಳೆಯ ಆಕಾರ ಬದಲಾಗುತ್ತದೆ, ಅಲ್ಲಿ ಕಾದಿರುವ ಇತರ ಸಸಾರಜನಕಗಳಿಗೆ ಸುದ್ದಿ ಮುಟ್ಟುತ್ತದೆ. ಒಂದರಿಂದ ಹಲವು, ಹಲವರಿಂದ ಸಾವಿರ ಎಂಬಂತೆ ಸುದ್ದಿ ಹಬ್ಬಿ, ಕೊನೆಗೆ ಕೋಶದೊಳಕ್ಕೆ ಸತತವಾಗಿ ಹರಿಯುತ್ತಿದ್ದ ವಿದ್ಯುತ್ತಿನ ದ್ವಾರಗಳು ಮುಚ್ಚುತ್ತವೆ. ವಿಚಿತ್ರವಲ್ಲವೆ! ಕಣ್ಣಿನ ಕೋಶ ಕತ್ತಲೆಯಲ್ಲಿ ಒಂದೇ ಸಮನೆ ಮಾತಾಡುತ್ತಿರುತ್ತದೆ. ಬೆಳಕು ಬಿದ್ದಾಗ ಸುಮ್ಮನಾಗುತ್ತದೆ. ಮೆದುಳು ಓದಿಕೊಳ್ಳುವುದು ಆ ಮೌನವನ್ನು.

ಇರುಳ ನೋಟಕ್ಕೆ ಮೀಸಲಾದ ಸರಳುಕೋಶಗಳು ಒಂದು ಕಣ್ಣಿನಲ್ಲಿ ಸುಮಾರು ೧೨ ಕೋಟಿ. ಒಂದೊಂದರಲ್ಲಿಯೂ ಪೇರಿಸಿಟ್ಟ ಹಪ್ಪಳಗಳಂತೆ ಸಾವಿರದಷ್ಟು ಪೊರೆಯ ಬಿಲ್ಲೆಗಳು, ಅವುಗಳಲ್ಲಿ ಎಲ್ಲ ಸೇರಿ ಸುಮಾರು ೧೦ ಕೋಟಿ ರೊಡಾಪ್ಸಿನ್ ಅಣುಗಳು. ಸರಳುಕೋಶವೊಂದನ್ನು ಎಚ್ಚರಿಸಲು ಬೆಳಕಿನ ಒಂದು ಕಣವೇ ಸಾಕೆಂದು ೧೯೪೨ರಲ್ಲಿ ನ್ಯೂಯಾರ್ಕಿನ ಮೂವರು ವಿಜ್ಞಾನಿಗಳು ತೋರಿಸಿದರು. ಮನುಷ್ಯ ಮಾಡಿದ ಯಾವ ಉಪಕರಣವೂ ಇದಕ್ಕಿಂತ ಸೂಕ್ಷ್ಮವಾಗುವುದು ಸಾಧ್ಯವಿಲ್ಲ. ಬೆಳಕಿನಲ್ಲಿ ಒಂದು ಕಣಕ್ಕಿಂತ ಕಡಮೆಯೆಂಬುದೇ ಇಲ್ಲವಷ್ಟೆ.

ಈಗ ಬಣ್ಣದ ವಿಚಾರ. ಹಗಲು ನೋಟದ ಶಂಕುಕೋಶಗಳು ಸುಮಾರು ೬೦ ಲಕ್ಷ. ಅವುಗಳಲ್ಲಿ ಮೂರು ಬಗೆ: ನೀಲಿಯ ಕಡೆಗೆ ಒಲಿದವು, ಹಸಿರಿನ ಕಡೆಗೆ ಒಲಿದವು, ಕೆಂಪಿನ ಕಡೆಗೆ ಒಲಿದವು. ಮೂರರಲ್ಲಿಯೂ ಮೂರು ಬೇರೆ ಬೇರೆ ರಂಗುಗಳಿರಬೇಕೆಂದು ಯಾರಾದರೂ ಊಹಿಸುವುದು ಸಹಜ. ಆದರೆ ಒಳಗಿರುವ ಅಣು ಮೂರರಲ್ಲಿಯೂ ಒಂದೇ, ಅದೇ ರೆಟಿನಲ್! ಬೇರೆಯಾಗಿರುವುದು ಅದನ್ನು ಹಿಡಿದಿರುವ ಆಪ್ಸಿನ್. ವೀಣೆಯನ್ನು ನೆನೆಯಿರಿ. ತಂತಿ ಒಂದೇ ಆದರೂ ಬೆರಳು ಯಾವ ಮೆಟ್ಟಿಲ ಮೇಲೆ ಒತ್ತಿದೆ ಎಂಬುದರಿಂದ ಸ್ವರ ಬದಲಾಗುತ್ತದೆ. ಗೂಡಿನೊಳಗಣ ಅಮೈನೋ ಆಮ್ಲಗಳು ರೆಟಿನಲ್ಲನ್ನು ಒತ್ತುವ, ಸೆಳೆಯುವ ಬಗೆ ಒಂದಿಷ್ಟು ಬದಲಾದರೆ ಸಾಕು, ಅದು ಹೀರುವ ಬೆಳಕು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿನತ್ತ ಸರಿಯುತ್ತದೆ. ಕೆಂಪು ಆಪ್ಸಿನ್ನಿಗೂ ಹಸಿರು ಆಪ್ಸಿನ್ನಿಗೂ ೩೬೪ ಮಣಿಗಳ ಸರದಲ್ಲಿ ವ್ಯತ್ಯಾಸವಿರುವುದು ಹದಿನೈದರಷ್ಟು ಕಡೆ ಮಾತ್ರ; ಅವುಗಳಲ್ಲಿಯೂ ಮೂರು ತಾಣಗಳೇ ಮುಖ್ಯ. ಮಾಗಿದ ಮಾವಿಗೂ ಎಳೆಯ ಕಾಯಿಗೂ ಕಣ್ಣು ಮಾಡುವ ಭೇದವೆಲ್ಲ ನಿಂತಿರುವುದು ಅಷ್ಟರ ಮೇಲೆ. ವೀಣೆ, ಮೃದಂಗಗಳ ನಾದವನ್ನು ಯೌವನದಲ್ಲಿಯೇ ಶೋಧಿಸಿ ಬರೆದಿದ್ದ ರಾಮನ್ನರಿಗೆ ಈ ಉಪಮಾನ ಹಿಡಿಸುತ್ತಿತ್ತೋ ಏನೋ.

ಉಪಮಾನ ಹಿಡಿಸಿದರೂ ಉಪಮೇಯ ಹಿಡಿಸುತ್ತಿರಲಿಲ್ಲ. ಮೂರು ಮೂಲ ಸಂವೇದನೆಗಳಿಂದ ಸಮಸ್ತ ವರ್ಣಗಳೂ ಹುಟ್ಟುತ್ತವೆಂಬ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸರ ಸಿದ್ಧಾಂತವನ್ನು ರಾಮನ್ ಕಡೆಯವರೆಗೂ ಒಪ್ಪಲಿಲ್ಲ. ಅಷ್ಟರಲ್ಲಿ ಪ್ರಮಾಣಗಳು ಬಂದು ಬಾಗಿಲು ತಟ್ಟಿದ್ದವು. ೧೯೬೪ರಲ್ಲಿ ಅಮೆರಿಕೆಯ ಎರಡು ತಂಡಗಳು ಒಂಟಿ ಶಂಕುಕೋಶಗಳ ಮೂಲಕ ಬೆಳಕನ್ನು ಹಾಯಿಸಿ ಮೂರು ವರ್ಗಗಳನ್ನು ನೇರವಾಗಿ ಅಳೆದಿದ್ದವು. ೧೯೬೭ರಲ್ಲಿ ದೃಷ್ಟಿಯ ಸಂಶೋಧನೆಗಾಗಿ ವಾಲ್ಡ್, ಗ್ರಾನಿಟ್, ಹಾರ್ಟ್‌ಲೈನ್ ಮೂವರಿಗೂ ನೊಬೆಲ್ ಸಂದಿತ್ತು. ಮರುವರ್ಷವೇ ರಾಮನ್ನರ ಗ್ರಂಥ! ಇದನ್ನು ವೃದ್ಧಾಪ್ಯದ ಹಠವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಬರಿಗಣ್ಣು, ಬಣ್ಣದ ಗಾಜು, ಬಿಸಿಲು ಇಷ್ಟರಿಂದಲೇ ಪ್ರಕೃತಿಯನ್ನು ಮಾತಾಡಿಸಬಲ್ಲೆನೆಂಬ ಶ್ರದ್ಧೆ ಅವರನ್ನು ೧೯೨೮ರ ಕೀರ್ತಿಗೆ ಏರಿಸಿತ್ತು. ಅದೇ ಶ್ರದ್ಧೆ ಇಲ್ಲಿ ಸಾಲದೆ ಹೋಯಿತು. ಪೊರೆಯೊಳಗಿನ ಎಳೆಯೊಂದರ ಹದಿನೈದು ಮಣಿಗಳು ಹೂವಿನ ಮುಂದೆ ನಿಂತ ಕಣ್ಣಿಗೆ ಕಾಣಿಸುವುದೆಂತು?

ಮುಂದೆ ನಡೆದುದು ಇನ್ನೂ ಸೋಜಿಗದ ಸಂಗತಿ. ಗೂಡಿನೊಳಗೆ ರೆಟಿನಲ್ ಹೇಗೆ ಕುಳಿತಿದೆ, ಬೆಳಕು ಬಿದ್ದಾಗ ಹೇಗೆ ತಿರುಗುತ್ತದೆ ಎಂಬುದನ್ನು ಪೊರೆಯನ್ನು ಒಡೆಯದೆ ತಿಳಿಯುವ ಉಪಾಯ ಬೇಕಾಗಿತ್ತು. ೧೯೭೦ರ ದಶಕದಲ್ಲಿ ವಿಜ್ಞಾನಿಗಳು ಹಿಡಿದ ಉಪಾಯಗಳಲ್ಲಿ ಮುಖ್ಯವಾದುದು ರಾಮನ್ ಪರಿಣಾಮ. ಲೇಸರ್ ಕಿರಣವನ್ನು ರೊಡಾಪ್ಸಿನ್ನಿನ ಮೇಲೆ ಬಿಟ್ಟು, ಚೆದರಿದ ಬೆಳಕಿನಲ್ಲಿ ಆಗುವ ಬಣ್ಣದ ಬದಲಾವಣೆಯಿಂದ ಒಳಗಿನ ಅಣುವಿನ ಕಂಪನಗಳನ್ನು ಓದಿದರು. ರೆಟಿನಲ್ ಆಪ್ಸಿನ್ನಿಗೆ ಹೇಗೆ ಬೆಸೆದುಕೊಂಡಿದೆಯೆಂಬುದು ಹೊರಬಿತ್ತು. ೨೦೦೫ರಲ್ಲಿ ಬರ್ಕ್ಲಿಯ ತಂಡವೊಂದು ಇದೇ ವಿದ್ಯೆಯ ಅತಿ ಚುರುಕಾದ ರೂಪದಿಂದ, ಆ ಅಣು ಕಾಲು ನೀಡುತ್ತಿರುವ ಕ್ಷಣದ ವಿನ್ಯಾಸಗಳನ್ನೇ ಸೆರೆಹಿಡಿಯಿತು. ರಾಮನ್ ಒಪ್ಪದ ಉತ್ತರಕ್ಕೆ ಸಾಕ್ಷಿ ನುಡಿದದ್ದು ರಾಮನ್ನರ ಬೆಳಕೇ.

ತಮ್ಮ ಕಣ್ಣಿನ ವಿಚಾರದಲ್ಲಿ ತಪ್ಪಿದ ದೊಡ್ಡವರು ಅವರೊಬ್ಬರೇ ಅಲ್ಲ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ನನಿಗೆ ಜಿರೇನಿಯಂ ಹೂವು ಹಗಲಿನಲ್ಲಿ ಆಕಾಶದ ನೀಲಿಯಾಗಿಯೂ ಮೋಂಬತ್ತಿಯ ಬೆಳಕಿನಲ್ಲಿ ಕೆಂಪಾಗಿಯೂ ತೋರುತ್ತಿತ್ತು. ಅವನ ಸೋದರನಿಗೂ ಹಾಗೆಯೇ. ೧೭೯೪ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವನು ಇದನ್ನು ಕುರಿತು ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕು, ಅದು ಕೆಂಪನ್ನು ನುಂಗಿಬಿಡುತ್ತದೆ ಎಂದು ಅವನ ತರ್ಕ. ಸತ್ತ ಮೇಲೆ ಪರೀಕ್ಷಿಸಿ ನೋಡಿ ಎಂದು ಹೇಳಿಟ್ಟಿದ್ದ. ೧೮೪೪ರಲ್ಲಿ ಅವನು ತೀರಿಕೊಂಡಾಗ ವೈದ್ಯ ಹಾಗೆಯೇ ಮಾಡಿದ. ದ್ರವ ತಿಳಿನೀರಿನಂತಿತ್ತು. ಕಣ್ಣನ್ನು ಮಾತ್ರ ಕಾಪಿಟ್ಟರು. ನೂರೈವತ್ತು ವರ್ಷಗಳ ತರುವಾಯ, ೧೯೯೫ರಲ್ಲಿ, ಅದರ ಚೂರಿನಿಂದ ವಂಶವಾಹಿಯನ್ನು ತೆಗೆದು ನೋಡಿದಾಗ ನಿಜ ತಿಳಿಯಿತು: ಡಾಲ್ಟನ್ನನಲ್ಲಿ ಹಸಿರು ಆಪ್ಸಿನ್ನಿನ ಜೀನ್ ಇರಲಿಲ್ಲ.

ಕೆಂಪು, ಹಸಿರು ಆಪ್ಸಿನ್ನುಗಳ ಜೀನ್‌ಗಳು ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿವೆಯೆಂದೂ ಒಂದನ್ನೊಂದು ಅವಳಿಗಳಂತೆ ಹೋಲುತ್ತವೆಂದೂ ೧೯೮೬ರಲ್ಲಿ ಜೆರೆಮಿ ನೇಥನ್ಸ್ ಮತ್ತು ಜೊತೆಗಾರರು ತೋರಿಸಿದರು. ಹೋಲಿಕೆಯೇ ಇಲ್ಲಿ ಅಪಾಯಕ್ಕೆ ಕಾರಣ. ಸಂತಾನಕ್ಕಾಗಿ ತಂತುಗಳು ಹೆಣೆದು ಬೇರ್ಪಡುವಾಗ ಲೆಕ್ಕ ತಪ್ಪಿ, ಒಂದು ಕಡೆಗೆ ಎರಡು ಹೋಗಿ ಇನ್ನೊಂದು ಕಡೆಗೆ ಇಲ್ಲವಾಗುತ್ತದೆ. ಗಂಡಸಿಗೆ ಎಕ್ಸ್ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು. ಅದು ಕೆಟ್ಟರೆ ಬದಲಿಯಿಲ್ಲ. ಐರೋಪ್ಯ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ೮ ಮಂದಿಗೆ ಕೆಂಪು-ಹಸಿರಿನ ಗೊಂದಲವಿದ್ದರೆ ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗೆ. ತಾತನ ದೋಷ ಮಗಳಲ್ಲಿ ಗುಪ್ತವಾಗಿದ್ದು ಮೊಮ್ಮಗನಲ್ಲಿ ಪ್ರಕಟವಾಗುವುದೂ, ಸೋದರಮಾವನಿಗೂ ಅಳಿಯನಿಗೂ ಒಂದೇ ಬಗೆಯ ಕಣ್ಣು ಇರುವುದೂ ಇದರಿಂದಲೇ. ಬೈಯಪ್ಪನಹಳ್ಳಿಯ ಹಳಿಗಳ ಮೇಲೆ ರೈಲು ನಡೆಸುವವರು ಕೆಲಸಕ್ಕೆ ಸೇರುವ ಮುನ್ನ ಚುಕ್ಕೆಗಳ ನಡುವೆ ಅಡಗಿದ ಅಂಕೆಯನ್ನು ಓದಿ ತೋರಿಸಬೇಕಾಗುವುದೂ ಇದಕ್ಕಾಗಿಯೇ. ಇತರರಿಗೆ ಇದು ಅಷ್ಟೇನೂ ತೊಂದರೆ ಕೊಡುವ ದೋಷವಲ್ಲ. ಅನೇಕರಿಗೆ ತಮಗದು ಇರುವುದೇ ತಿಳಿಯದು.

ಸರಳುಕೋಶದ ರೊಡಾಪ್ಸಿನ್ ಕೆಟ್ಟರೆ ಕಥೆ ಬೇರೆ. ೧೯೯೦ರಲ್ಲಿ ಅಮೆರಿಕೆಯ ಕೆಲವು ಕುಟುಂಬಗಳಲ್ಲಿ ರೊಡಾಪ್ಸಿನ್ನಿನ ೨೩ನೆಯ ಮಣಿ ಮಾತ್ರ ಬದಲಾಗಿರುವುದು ಕಂಡುಬಂದಿತು. ಇರಬೇಕಾದುದು ಪ್ರೋಲೀನ್, ಇದ್ದುದು ಹಿಸ್ಟಿಡೀನ್. ೩೪೮ರಲ್ಲಿ ಒಂದು ತಪ್ಪು! ಎಳೆ ಸರಿಯಾಗಿ ಮಡಿಸಿಕೊಳ್ಳದೆ ಪೊರೆಯನ್ನು ಸೇರಲಾರದೆ ಕೋಶದೊಳಗೆ ಕಸವಾಗಿ ಸೇರಿಕೊಳ್ಳುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಮಗುವಿಗೆ ರೋಗ ತಪ್ಪದು. ಮೊದಲು ಮುಸ್ಸಂಜೆಯಲ್ಲಿ ಎಡವುವುದು. ಆಮೇಲೆ ನೋಟದ ಅಂಚು ಸವೆದು ಬಿದಿರುಕೊಳವೆಯ ಮೂಲಕ ಲೋಕವನ್ನು ನೋಡಿದಂತಾಗುವುದು. ಕಡೆಗೆ ಹಗಲೂ ಕತ್ತಲೆಯಾಗುವುದು. ಕೆಟ್ಟದ್ದು ಇರುಳಿನ ಸರಳುಕೋಶಗಳಾದರೂ, ಅವು ಸತ್ತ ಬಳಿಕ ಅವುಗಳ ಆಸರೆಯಲ್ಲಿದ್ದ ಹಗಲಿನ ಶಂಕುಕೋಶಗಳೂ ಸಾಯುತ್ತವೆ. ವೈದ್ಯರು ರೆಟಿನೈಟಿಸ್ ಪಿಗ್ಮೆಂಟೋಸ ಎಂದು ಕರೆಯುವ ಈ ಬೇನೆ ಪ್ರಪಂಚದಲ್ಲಿ ಸುಮಾರು ೪೦೦೦ ಮಂದಿಗೆ ಒಬ್ಬರಿಗಿದೆ. ಇದಕ್ಕೆ ಕಾರಣವಾಗುವ ಜೀನ್‌ಗಳು ಹಲವಾರು. ಅವುಗಳಲ್ಲಿ ಅನೇಕವು ತಾಯಿತಂದೆ ಇಬ್ಬರಿಂದಲೂ ಬಂದಾಗ ಮಾತ್ರ ತೊಂದರೆ ಕೊಡುವಂಥವು. ನಮ್ಮಲ್ಲಿ ಅಕ್ಕನ ಮಗಳನ್ನು ತರುವುದೂ ಸೋದರತ್ತೆಯ ಮಗನಿಗೆ ಕೊಡುವುದೂ ನೆಂಟಸ್ತಿಕೆಯನ್ನು ಗಟ್ಟಿಮಾಡುವ ಬಗೆಯೆಂದೇ ನಂಬಿಕೆ. ೧೯೮೦ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಂದು ಮಗುವಿನ ತಾಯಿತಂದೆ ರಕ್ತಸಂಬಂಧಿಗಳಾಗಿದ್ದರು. ಒಂದೇ ಅಜ್ಜಿಯಿಂದ ಇಳಿದು ಬಂದ ಗುಪ್ತದೋಷ ಇಂಥ ಮದುವೆಯಲ್ಲಿ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಕೂಡುವುದು ಸುಲಭ. ಜಾತಕದ ಕೂಟಗಳನ್ನೆಲ್ಲ ಎಣಿಸುವ ಹಿರಿಯರು, ಮನೆತನದಲ್ಲಿ ಇರುಳು ಕಣ್ಣು ಕಾಣದವರು ಯಾರಾದರೂ ಇದ್ದರೇ ಎಂದು ಒಂದು ಮಾತು ಕೇಳಿದರೆ ನಷ್ಟವೇನು?

ಇರುಳುಗುರುಡೆಲ್ಲ ವಂಶದಿಂದಲೇ ಬರುವುದಲ್ಲವೆಂಬುದನ್ನೂ ಹೇಳಬೇಕು. ಆಪ್ಸಿನ್ ಸರಿಯಾಗಿದ್ದು ಗೂಡಿನಲ್ಲಿಡಲು ರೆಟಿನಲ್ ಇಲ್ಲದೆ ಹೋದರೆ? ವೀಣೆಯಿದೆ, ತಂತಿಯಿಲ್ಲ. ಬಡಮಕ್ಕಳಲ್ಲಿ ‘ಎ’ ಜೀವಸತ್ವದ ಕೊರತೆಯಿಂದ ಬರುವ ಕುರುಡು ಇದು. ೧೯೭೦ರಲ್ಲಿ ಭಾರತ ಸರ್ಕಾರ ಎಳೆಯ ಮಕ್ಕಳಿಗೆ ಈ ಜೀವಸತ್ವದ ದ್ರವವನ್ನು ಕುಡಿಸುವ ಯೋಜನೆಯನ್ನು ಆರಂಭಿಸಿತು. ನುಗ್ಗೆಸೊಪ್ಪು, ಪರಂಗಿಹಣ್ಣು, ಮಾವು ಇವುಗಳಲ್ಲಿ ಇದರ ಮೂಲವಸ್ತು ಬೇಕಾದಷ್ಟುಂಟು. ವಂಶದ ಬೇನೆಗೆ ಹೋಲಿಸಿದರೆ ಇದು ಹಿತ್ತಿಲ ಗಿಡದಿಂದಲೇ ತಡೆಯಬಹುದಾದದ್ದು.

ಕಣ್ಣಿನ ಈ ಏಳು ಹೊಲಿಗೆಯ ಎಳೆಯ ವಿನ್ಯಾಸ ಮೊದಲು ಬೆಳಕಿಗೆ ಬಂದದ್ದು ೧೯೮೨ರಲ್ಲಿ, ಹಸುವಿನ ರೊಡಾಪ್ಸಿನ್ನಿನಿಂದ. ೧೯೮೬ರಲ್ಲಿ ಅಡ್ರೆನಲಿನ್ ಎಂಬ ರಸವನ್ನು ಗುರುತಿಸುವ ಪ್ರೋಟೀನನ್ನು ಬಿಡಿಸಿದಾಗ ವಿಜ್ಞಾನಿಗಳು ಬೆರಗಾದರು. ಅದೂ ಏಳು ಹೊಲಿಗೆ, ಅದೇ ಬಗೆಯ ಗೂಡು! ಬೆಳಕನ್ನು ಹಿಡಿಯುವುದೂ ಭಯದಿಂದ ಎದೆ ಬಡಿದುಕೊಳ್ಳುವಂತೆ ಮಾಡುವುದೂ ಒಡಹುಟ್ಟಿದವುಗಳ ಕೆಲಸ. ಮೂಗಿನಲ್ಲಿ ವಾಸನೆಗಳನ್ನು ಬೇರ್ಪಡಿಸುವ ಸುಮಾರು ೪೦೦ ಪ್ರೋಟೀನುಗಳೂ ಇದೇ ಮನೆತನದವು. ಮನುಷ್ಯನಲ್ಲಿ ಈ ಕುಟುಂಬದ ಸದಸ್ಯರ ಸಂಖ್ಯೆ ಸುಮಾರು ೮೦೦. ಈ ಸಂಶೋಧನೆಗಾಗಿ ಲೆಫ್ಕೊವಿಟ್ಸ್, ಕೊಬಿಲ್ಕಾ ಇಬ್ಬರಿಗೂ ೨೦೧೨ರಲ್ಲಿ ನೊಬೆಲ್ ದೊರೆಯಿತು. ಬಳಕೆಯಲ್ಲಿರುವ ಔಷಧಿಗಳಲ್ಲಿ ಮೂರನೆಯ ಒಂದು ಪಾಲು ತಾಗುವುದು ಈ ಕುಟುಂಬದ ಒಂದಲ್ಲ ಒಂದು ಗೂಡಿಗೆ. ಉಬ್ಬಸದಿಂದ ನರಳುವವರು ಬಾಯಿಗೆ ಹಿಡಿದು ಸೇದುವ ಸಾಲ್ಬ್ಯುಟಮಾಲ್, ಸೀನು ತುರಿಕೆಗಳಿಗೆ ನುಂಗುವ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ಗುಳಿಗೆಗಳಲ್ಲಿ ಹಲವು, ಎಲ್ಲವೂ ಪೊರೆಯ ಹೊರಗೆ ನಿಂತು ಬಾಗಿಲು ತಟ್ಟುವ ಇಲ್ಲವೆ ಬಾಗಿಲಿಗೆ ಅಗುಳಿ ಹಾಕುವ ಉಪಾಯಗಳು.

ಕಣ್ಣಿಗೆ ಮಾತ್ರ ಗುಳಿಗೆ ಸಾಲದು. ಸತ್ತ ಸರಳುಕೋಶ ಎದ್ದು ಬರುವುದಿಲ್ಲ. ಆದರೆ ಹಿಂದಣ ಸಾಲಿನ ನರಕೋಶಗಳು ಬಹುಕಾಲ ಬದುಕಿರುತ್ತವೆ. ಪಾಚಿಗಳಲ್ಲಿಯೂ ಏಳು ಹೊಲಿಗೆಯ, ರೆಟಿನಲ್ಲನ್ನೇ ಹಿಡಿದಿರುವ, ಬೆಳಕಿಗೆ ನೇರವಾಗಿ ಬಾಗಿಲು ತೆರೆಯುವ ಪ್ರೋಟೀನುಗಳಿವೆ. ನಮ್ಮ ಆಪ್ಸಿನ್ನುಗಳಿಗೂ ಅವಕ್ಕೂ ನಿಜವಾದ ರಕ್ತಸಂಬಂಧವಿದೆಯೋ, ಬರಿಯ ಹೋಲಿಕೆಯೋ ಎಂಬುದು ಪಂಡಿತರ ವಾದಕ್ಕೆ ಬಿಟ್ಟದ್ದು. ಅಂಥ ಒಂದರ ಜೀನನ್ನು ನಲವತ್ತು ವರ್ಷಗಳಿಂದ ಈ ಬೇನೆಯಿಂದ ನರಳುತ್ತಿದ್ದ ೫೮ ವಯಸ್ಸಿನ ಮನುಷ್ಯನೊಬ್ಬನ ಒಂದು ಕಣ್ಣಿನ ನರಕೋಶಗಳಿಗೆ ಸೇರಿಸಿದ ವೃತ್ತಾಂತ ೨೦೨೧ರಲ್ಲಿ ಪ್ರಕಟವಾಯಿತು. ಹೊರಗಿನ ದೃಶ್ಯವನ್ನು ಕಿತ್ತಳೆ ಬಣ್ಣದ ಬೆಳಕಾಗಿ ಮಾರ್ಪಡಿಸಿ ಕಣ್ಣಿಗೆ ಎರಚುವ ವಿಶೇಷ ಕನ್ನಡಕವನ್ನೂ ಅವನಿಗೆ ತೊಡಿಸಿದರು. ಹಲವು ತಿಂಗಳ ಅಭ್ಯಾಸದ ನಂತರ ಅವನು ಮೇಜಿನ ಮೇಲಿದ್ದ ನೋಟುಪುಸ್ತಕವನ್ನು ಕಂಡು, ಕೈ ಚಾಚಿ ಮುಟ್ಟಿದ. ಮುಂದಿಟ್ಟ ಲೋಟಗಳನ್ನು ಎಣಿಸಿದ. ರಸ್ತೆ ದಾಟುವ ಕಡೆ ಬಳಿದ ಬಿಳಿಯ ಪಟ್ಟೆಗಳು ಅವನಿಗೆ ಕಂಡವು. ಮುಖಗಳನ್ನು ಗುರುತಿಸಲಾಗಲಿ ಅಕ್ಷರವನ್ನು ಓದಲಾಗಲಿ ಅವನಿಂದ ಆಗಲಿಲ್ಲ. ಬಣ್ಣದ ಭೇದವೂ ಇಲ್ಲ. ಹಿಡಿಯುವ ಪ್ರೋಟೀನು ಒಂದೇ ಬಗೆಯದು, ಕನ್ನಡಕದ ಬೆಳಕೂ ಒಂದೇ ಬಣ್ಣದ್ದು.